ಹನ್ನೊಂದನೆಯ ಗಾಡಿಯ ಹಾಜರಿ

ನಮ್ಮವ್ವ ಫೋನು ಮಾಡಿದಾಗಲೆಲ್ಲ ಮೊದಲು ಕೇಳುವುದು ಕ್ಷೇಮಸಮಾಚಾರವನ್ನಲ್ಲ, ‘ಕೇಳಸಾಕತ್ತೈತೇನ?’ ಎಂಬುದನ್ನು. ಗೋಕಾಕ ಫಾಲ್ಸಿನ ಗಿರಣಿ ಕಾರ್ಮಿಕರ ಚಾಳಿನಲ್ಲಿ, ಮಳೆಗಾಲದ ಜಲಪಾತದ ಮೊರೆತಕ್ಕೆ ಪಕ್ಕದ ಕೋಣೆಯ ಮಾತೂ ಕೊಚ್ಚಿಹೋಗುವ ಮನೆಯಲ್ಲಿ ಬದುಕಿದವಳಿಗೆ ಆ ಪ್ರಶ್ನೆ ಸಹಜವೇ. ಈಗ ಟವರು ಹತ್ತಿರದಲ್ಲೇ ಇದೆ, ದನಿ ಸ್ಪಷ್ಟವಾಗಿದೆ. ಪ್ರಶ್ನೆ ಮಾತ್ರ ಹಾಗೇ ಉಳಿದಿದೆ. ಸ್ವಭಾವತಃ ಮಿತಭಾಷಿಯಾದ ನಾನು ‘ಹೂಂ’ ಎನ್ನುತ್ತಿದ್ದೆ. ಫೋನು ಎತ್ತಿದ್ದೇನೆಂದರೆ ಕೇಳಿಸುತ್ತಿದೆಯೆಂದೇ ಅರ್ಥವೆಂದು ಒಂದೆರಡು ಸಲ ತರ್ಕಶಾಸ್ತ್ರವನ್ನೂ ಬೋಧಿಸಿದ್ದುಂಟು.

ನೀವು ನಗಬಹುದು: ಇದೇ ಪ್ರಶ್ನೆ ಕೇಳುವುದಕ್ಕಾಗಿ ನನಗೆ ಪಗಾರ ಕೊಡುತ್ತಾರೆ. ಮಹಾನಗರವೊಂದರ ತುರ್ತುಸೇವೆಯ ನಿಯಂತ್ರಣ ಕೊಠಡಿಯಲ್ಲಿ ಬೆಳಗಿನ ಪಾಳಿ ಶುರುವಾಗುತ್ತಲೇ ನಾನು ವೈರ್‌ಲೆಸ್ಸಿನ ಗುಂಡಿಯೊತ್ತಿ, ಒಂದೊಂದೇ ಆಂಬುಲೆನ್ಸಿನ ಸಂಖ್ಯೆ ಕೂಗಿ, ‘ಕೇಳಿಸುತ್ತಿದೆಯೇ?’ ಎನ್ನಬೇಕು, ಅವರು ಸಾಲೆಯ ಮಕ್ಕಳಂತೆ ‘ಹಾಜರ್’ ಎನ್ನಬೇಕು. ಗಾಡಿಗಳಿಗೆ ಟ್ಯಾಬು ಬಂದಮೇಲೆ ಇದು ಅನಗತ್ಯವೆನ್ನಿಸತೊಡಗಿತು. ಹೊರಟೆ, ತಲುಪಿದೆ, ಬಿಡುವಾದೆ ಎನ್ನಲು ಒಂದೊಂದು ಗುಂಡಿಯಿದೆ. ಒತ್ತಿದರೆ ಸಾಕು, ಮೊಬೈಲ್ ಡೇಟಾದ ಕೃಪೆಯಿಂದ ನನ್ನ ಪರದೆಯ ಮೇಲಿನ ಬಿಂದು ಬಣ್ಣ ಬದಲಿಸುತ್ತದೆ. ಬಿಡುವಾಗಿದ್ದರೆ ಹಸಿರು. ಇನ್ನು ಹಾಜರಿ ಕೂಗುವುದು ಬೇಡವೆಂದು ಮೇಲಧಿಕಾರಿಗಳು ಯೋಚಿಸುತ್ತಿದ್ದರು. ಮನುಷ್ಯರೊಡನೆ ಮಾತಾಡದೆಯೇ ಮನುಷ್ಯರ ಸೇವೆ ಮಾಡುವ ಈ ಏರ್ಪಾಡು ನನ್ನಂಥವಳಿಗಾಗಿಯೇ ನಿರ್ಮಿತವಾದದ್ದೆಂದು ನಾನೂ ಒಳಗೊಳಗೇ ಹಿಗ್ಗಿದ್ದೆ.

ಹನ್ನೊಂದನೆಯ ಗಾಡಿಯ ಚಾಲಕ ಬೀರಪ್ಪ ಕಾಕಾ ಮೂಡಲಗಿಯವರು, ಕುರಿ ಕಾಯುವ ಮನೆತನದವರು. ಅವರ ಉತ್ತರಕ್ಕೊಂದು ಬಾಲವಿರುತ್ತಿತ್ತು: ‘ಹನ್ನೊಂದ ಹಾಜರ್ರಿ ಮೇಡಂ. ಕುರಿ ಎಲ್ಲಾ ದೊಡ್ಡ್ಯಾಗ ಅದಾವು.’ ಗಾಡಿಯ ಜನ, ಸಾಮಾನು ಎಲ್ಲ ಸರಿಯಿದೆ ಎಂದರ್ಥ. ಸಂದೇಶಕ್ಕೆ ಸಂಬಂಧಿಸದ ಪಶುಗಳನ್ನು ತರಬಾರದೆಂದು ಎಷ್ಟೋ ಸಲ ತಿಳಿಹೇಳಿದ್ದೆ. ಮರುದಿನ ಕುರಿಗಳು ಮತ್ತೆ ದೊಡ್ಡಿಯಲ್ಲಿರುತ್ತಿದ್ದವು.

ಒಂದು ಬೆಳಗ್ಗೆ ಪರದೆಯ ಮೇಲೆ ಹನ್ನೊಂದು ಅಚ್ಚಹಸಿರಾಗಿತ್ತು. ಕೂಗಿದೆ. ‘ಹಾಜ…’ ಎಂದು ಒದ್ದೆ ಬಟ್ಟೆಯಂಥ ದನಿಯೊಂದು ಬಂತು, ಕುರಿಗಳ ಸುದ್ದಿಯಿಲ್ಲ.

‘ಹಸಿರ ಐತಲ್ರಿ, ನಿದ್ದಿಗಣ್ಣಾಗ ಇರಬೇಕು. ಮುಂದ ನಡೀರಿ,’ ಎಂದರು ಪಕ್ಕದ ಕುರ್ಚಿಯಲ್ಲಿದ್ದ ಹುಕ್ಕೇರಿ ಕಡೆಯ ಸಹೋದ್ಯೋಗಿ.

ಮುಂದೆ ನಡೆಯಬಹುದಿತ್ತು. ಆದರೆ ಊರಿನ ಗಾಡಿಗಳೆಲ್ಲ ಕೇಳಿಸಿಕೊಳ್ಳುತ್ತಿರುವಾಗ, ಶಿಸ್ತಿಗೆ ಹೆಸರಾದ ನಾನು ಗುಂಡಿಯೊತ್ತಿ ಕೇಳಿದೆ: ‘ಕಾಕಾ, ಕುರಿ ಎಲ್ಲಿ ಅದಾವ್ರಿ?’

ಕೊಠಡಿಯಲ್ಲಿ ಯಾರೋ ನಕ್ಕರು. ‘ಕು… ಕು…’ ಎಂಬುದರಾಚೆಗೆ ಉತ್ತರ ಬರಲಿಲ್ಲ. ಅದೇ ಗಾಡಿಯ ನರ್ಸನ್ನು ಕರೆದು, ಚಾಲಕರ ಮುಖ ನೋಡಲು ಹೇಳಿದೆ.

‘ಬಾಯಿ ಒಂದು ಕಡೆ ಸೊಟ್ಟಗಾಗಿದೆ ಮೇಡಂ. ಬಲಗೈ ಎತ್ತೋಕಾಗ್ತಿಲ್ಲ.’

ಪಾರ್ಶ್ವವಾಯು. ಸಮೀಪದ ಗಾಡಿಯೊಂದನ್ನು ಅಲ್ಲಿಗೆ ಕಳಿಸಿದೆ. ವರ್ಷಗಟ್ಟಲೆ ಮುಂದಿನ ಸೀಟಿನಲ್ಲಿ ಕೂತವರು ಅಂದು ಹಿಂದೆ ಮಲಗಿ ಹೋದರು. ಪರದೆಯ ಮೇಲೆ ಹನ್ನೊಂದು ಮಾತ್ರ, ನಾನೇ ಕೈಯಾರೆ ಬದಲಿಸುವವರೆಗೂ, ಹಸಿರಾಗಿಯೇ ಇತ್ತು. ಅದು ಯಂತ್ರದ ತಪ್ಪಲ್ಲ. ಗಾಡಿ ನಿಜವಾಗಿಯೂ ಬಿಡುವಾಗಿತ್ತು.

ಹಾಜರಿ ನಿಲ್ಲಿಸುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ಕಾಕಾನ ಜೀವ ಉಳಿಯಿತು. ಮಾತು ಎಷ್ಟು ಮರಳೀತೆಂದು ವೈದ್ಯರು ಹೇಳಲಾರದೆ ಹೋದರು, ದಿನವೂ ಮಾತಾಡಿಸುತ್ತಿರಿ ಎಂದಷ್ಟೇ ಹೇಳಿ ಊರಿಗೆ ಕಳಿಸಿದರು. ಮೊನ್ನೆ ರಜೆಯಲ್ಲಿ ಊರಿಗೆ ಹೋದವಳು ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಮೂಡಲಗಿಗೆ ಹೋದೆ. ಅವರು ಬಾಗಿಲ ಬಳಿ, ಬಲಗಾಲನ್ನು ಯಾರದೋ ಸಾಮಾನೆಂಬಂತೆ ಬದಿಗಿಟ್ಟುಕೊಂಡು ಕೂತಿದ್ದರು.

‘ಬಾರವ್ವಾ,’ ಎಂದರು ಅವರ ಹೆಂಡತಿ. ‘ಇಷ್ಟ ವರ್ಷ ನಾ ಕರದ್ರ ಒಮ್ಮಿನೂ ಓ ಅಂದಾವಲ್ಲ ಈ ಮನಶ್ಯಾ. ಈಗ ನೋಡು, ದಿನಾ ಹಾಜರಿ ತಗೋತೇನಿ.’ ಚಹಾಕ್ಕಿಡಲು ಒಳಗೆ ಹೋಗಿ, ಅಡಿಗೆಮನೆಯಿಂದಲೇ ಕೂಗಿದರು: ‘ಹನ್ನೊಂದ, ಕೇಳಸಾಕತ್ತೈತೇನ್ರಿ?’

ಕಾಕಾನ ಗದ್ದ ನಡುಗಿತು. ಮಾತು ಗಂಟಲವರೆಗೆ ಬಂದು ದಾರಿ ಹುಡುಕುತ್ತಿತ್ತು. ಅವರ ಬದಲು ನಾನೇ ಹೇಳಿಬಿಡಲೇ ಅನ್ನಿಸಿತು. ಆದರೆ ವೈರ್‌ಲೆಸ್ಸಿನ ಮೊದಲ ಪಾಠವೇ ಅದು: ಎದುರಿನವರು ಮುಗಿಸುವತನಕ ನಮ್ಮ ಬೆರಳು ಗುಂಡಿಯ ಮೇಲಿರಕೂಡದು. ಒಳಗೆ ಅವರ ಹೆಂಡತಿಯೂ ಹೊರಗೆ ನಾನೂ ಕಾದೆವು.

‘ಹಾಜ… ರ್ರಿ.’ ಮತ್ತಷ್ಟು ಹೊತ್ತು. ‘ಕುರಿ… ದೊಡ್ಡ್ಯಾಗ… ಅದಾವು.’ ಆಮೇಲೆ ತಮ್ಮ ಬಲಗಾಲನ್ನೊಮ್ಮೆ ನೋಡಿ, ‘ಒಂದ… ಕುಂಟತೈತಿ.’

ಒಳಗಿನಿಂದ ನಗು ಕೇಳಿಸಿತು. ಚಹಾ ಬರುವುದು ಮಾತ್ರ ಬಹಳ ತಡವಾಯಿತು.

ರಜೆ ಮುಗಿಸಿ ನಗರಕ್ಕೆ ಮರಳಿದ ಮೇಲೆ ಎಂದಿನಂತೆ ಅವ್ವನ ಫೋನು ಬಂತು. ‘ಕೇಳಸಾಕತ್ತೈತೇನ?’

ನಾನು ಹೂಂಗುಟ್ಟಲಿಲ್ಲ. ‘ಕೇಳಸ್ತೈತಿ ಅವ್ವಾ, ಸ್ಪಷ್ಟ ಐತಿ. ನಿನ್ನ ದನಿ ಯಾಕ ಹಿಂಗ ಐತಿ? ಆರಾಮ ಇಲ್ಲೇನು?’

ಅನುಮಾನದ ದನಿಯಲ್ಲಿ ಅವ್ವ ಕೇಳಿದಳು: ‘ಯಾರ ಹೇಳಿದ್ರು ನಿನಗ? ಹೇಳಬ್ಯಾಡ ಅಂದಿದ್ನಿ ನಿಮ್ಮಪ್ಪಗ.’

ಗುಂಡಿಯಿಂದ ಬೆರಳು ತೆಗೆದವಳಂತೆ ನಾನು ಸುಮ್ಮನಾಗಿ, ಅವಳು ಮುಂದೆ ಹೇಳಲೆಂದು ಕಾದೆ.