ಅರ್ಧ ತುಂಬುವ ಮದ್ದು

ನಮ್ಮ ಕಣಿವೆಯ ಸಾಮಿಲ್ಲಿನಲ್ಲಿ ಗರಗಸಕ್ಕೆ ಸಾಣೆ ಹಿಡಿಯುವ ಕೆಲಸದಲ್ಲಿದ್ದ ವರ್ಲಿನ್ ಸ್ಟೋರ್ಡಾಲ್‌ಗೆ, ಮಿಲ್ಲು ಮುಚ್ಚಿದ ಮೇಲೆ ಉಳಿದದ್ದು ಅಣ್ಣ ಆರ್ಡನ್ ಮತ್ತು ಶೆಡ್ಡಿನಲ್ಲಿದ್ದ, ಕೋವಿಯ ತೋಟೆ ತುಂಬುವ ಮೇಜು. ಅಂಗಡಿಯ ತೋಟೆಯನ್ನು ಅವನು ಕೊಂಡವನೇ ಅಲ್ಲ. ಹಾರಿಸಿ ಬಿದ್ದ ಹಿತ್ತಾಳೆ ತೋಟೆಗಳನ್ನು ಆಯ್ದು ತಂದು, ತೊಳೆದು, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಸುರಿದು, ಮೇಲೆ ಗುಂಡು ಒತ್ತುತ್ತಿದ್ದ. ನಾನು ಪಕ್ಕದ ಮನೆಯವನು. ಮೊಂಟಾನಾದ ಚಳಿಗಾಲದ ಎಷ್ಟೋ ಮಧ್ಯಾಹ್ನಗಳು ನನಗೆ ಅವನ ಶೆಡ್ಡಿನ ಒಲೆಯ ಮುಂದೆಯೇ ಕಳೆದವು.

ಮದ್ದು ಆರಿಸುವುದರಲ್ಲಿ ಅವನದೊಂದು ಹಟವಿತ್ತು. ಉಳಿದವರೆಲ್ಲ ಗುಂಡು ಎಷ್ಟು ವೇಗವಾಗಿ ಹೋಗುತ್ತದೆಂದು ನೋಡಿದರೆ, ಅವನು ನಿಧಾನವಾಗಿ ಉರಿಯುವ, ತೋಟೆಯನ್ನು ಕತ್ತಿನವರೆಗೆ ತುಂಬುವ ಮದ್ದನ್ನೇ ಹುಡುಕುತ್ತಿದ್ದ. ಮೈಮರೆತು ಎರಡು ಸಲ ಸುರಿದರೆ ಅದು ಉಕ್ಕಿ ಮೇಜಿನ ಮೇಲೆ ಚೆಲ್ಲುತ್ತದೆ. “ನಾನು ತಪ್ಪು ಮಾಡಿದ್ರೆ ಮುಖಕ್ಕೆ ಹೊಡೆದಂಗೆ ಹೇಳೋ ಮದ್ದು ಬೇಕಪ್ಪ ನಂಗೆ,” ಎನ್ನುತ್ತಿದ್ದ.

ಅವರಪ್ಪ ಕಾಡಿನಲ್ಲಿ ಮರ ಉರುಳಿ ಸತ್ತಾಗ ವರ್ಲಿನ್ ಇನ್ನೂ ಶಾಲೆಗೆ ಹೋಗುತ್ತಿದ್ದ. ಆಮೇಲೆ ಅವನನ್ನು ಸಾಕಿದವನು ಆರ್ಡನ್. ಈ ಕತೆ ನಡೆದ ವರ್ಷ ವಸಂತದಲ್ಲಿ ಆರ್ಡನ್‌ನ ಕುದುರೆ ಕಾಲುಜಾರಿ ಅವನ ಮೇಲೆಯೇ ಹೊರಳಿತು. ಬಲಭುಜದ ಮೂಳೆ ಪುಡಿಯಾಯಿತು. ಡಾಕ್ಟರು ಉಕ್ಕಿನ ಪಟ್ಟಿ ಹಾಕಿ ಕೂಡಿಸಿ, ಇನ್ನು ಹಾರಿಸುವಾಗ ಕೋವಿ ಹಿಂದಕ್ಕೆ ಕೊಡುವ ಒದೆತವನ್ನು ಈ ಭುಜ ತಾಳುವುದಿಲ್ಲ ಎಂದುಬಿಟ್ಟರು. ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಯ ಕಾಲ ಹತ್ತಿರ ಬಂದಂತೆ ಆರ್ಡನ್ ಮಾತು ಕಡಿಮೆ ಮಾಡಿದ. ಊಟ ಮುಂದಿಟ್ಟರೆ ತಟ್ಟೆಯನ್ನೇ ನೋಡುತ್ತ ಕೂರುತ್ತಿದ್ದ. ಅವನ ಹೆಂಡತಿ ಕೊರಿನ್ ಒಂದು ಮಧ್ಯಾಹ್ನ ಶೆಡ್ಡಿಗೆ ಬಂದು, ಒದೆಯದಂಥ ತೋಟೆ ಮಾಡಿಕೊಡಲು ಸಾಧ್ಯವೇ ಎಂದು ವರ್ಲಿನ್‌ನನ್ನು ಕೇಳಿದಳು.

ಅವನು ಕೂಡಲೇ ಹೂಂ ಎನ್ನಲಿಲ್ಲ. ಅವಳು ಹೋದ ಮೇಲೆ ಕೈಪಿಡಿ ತೆಗೆದು ಪುಟ ತಿರುಗಿಸುತ್ತ ನನಗೆ ವಿವರಿಸಿದ. ನಿಧಾನದ ಮದ್ದನ್ನು ಕಡಿಮೆ ಸುರಿದರೆ ಅದು ಸರಿಯಾಗಿ ಉರಿಯುವುದಿಲ್ಲ, ಅದೂ ಅಪಾಯವೇ. ಒದೆತ ತಗ್ಗಬೇಕೆಂದರೆ ಬೇಗ ಉರಿಯುವ ಮದ್ದನ್ನು ಸ್ವಲ್ಪವೇ ಹಾಕಬೇಕು. ಅದು ತೋಟೆಯ ಅರ್ಧವನ್ನೂ ತುಂಬುವುದಿಲ್ಲ. ಎರಡು ಸಲ ಬಿದ್ದರೂ ಚೆಲ್ಲುವುದಿಲ್ಲ, ಹಾರಿಸಿದಾಗ ಕೋವಿಯೇ ಸಿಡಿದೀತು.

“ಹಾಗಾದ್ರೆ ಬೇಡ ಬಿಡು,” ಎಂದೆ.

“ಅವನ ಮುಖ ನೋಡಿದೀಯಾ ನೀನು?” ಎಂದ ವರ್ಲಿನ್.

ಕೊನೆಗೆ ಆ ಮದ್ದನ್ನೇ ಆರಿಸಿದ. ತೋಟೆಗಳನ್ನು ಹಲಗೆಯ ತೂತುಗಳಲ್ಲಿ ಸಾಲಾಗಿ ನಿಲ್ಲಿಸಿ, ಒಂದೊಂದಕ್ಕೂ ತೂಗಿ ಸುರಿದು, ಗುಂಡು ಒತ್ತುವ ಮೊದಲು ಪ್ರತಿ ತೋಟೆಯೊಳಗೂ ಟಾರ್ಚು ಬಿಟ್ಟು ನೋಡಿದ. ಮೊದಲ ಕೆಲವನ್ನು ಹುಲ್ಲುಗಾವಲಿನಲ್ಲಿ ತಾನೇ ಹಾರಿಸಿದ. ಆಮೇಲೆ ಆರ್ಡನ್ ಹೆದರುತ್ತಲೇ ಕೋವಿಯನ್ನು ಹೆಗಲಿಗೇರಿಸಿ ಹಾರಿಸಿದ. ಮತ್ತೊಂದು ಹಾರಿಸಿದ. ಆಮೇಲೆ ತಮ್ಮನ ಕಡೆ ತಿರುಗಿದ.

“ಏನೋ ಇದು, ನಮ್ಮತ್ತೆ ತಟ್ಟಿದಂಗಿದೆ. ಇದ್ರಲ್ಲಿ ಎಲ್ಕ್ ಸಾಯುತ್ತೋ, ಇಲ್ಲ ನಕ್ಕೊಂಡು ಹೋಗುತ್ತೋ?”

“ಹತ್ರ ಹೋಗಿ ಹೊಡಿ. ನಿನ್ನ ಮುಖ ನೋಡೇ ಅರ್ಧ ಸಾಯುತ್ತೆ,” ಎಂದ ವರ್ಲಿನ್. ಆ ಸಂಜೆ ಆರ್ಡನ್ ಎರಡು ಸಲ ಬಡಿಸಿಕೊಂಡು ಉಂಡನೆಂದು ಕೊರಿನ್ ನನ್ನ ಹೆಂಡತಿಗೆ ಹೇಳಿದಳಂತೆ.

ನವೆಂಬರಿನಲ್ಲಿ ನಾವು ಮೂವರೂ ಬೆಟ್ಟ ಹತ್ತಿದೆವು. ಮೊಣಕಾಲುದ್ದ ಹಿಮವಿತ್ತು. ಹೊರಡುವಾಗ ವರ್ಲಿನ್ ಅಣ್ಣನ ಕೋವಿಯ ನಳಿಗೆಯ ಬಾಯಿಗೆ, ಹಿಮ ಹೋಗದ ಹಾಗೆ, ಟೇಪಿನ ತುಂಡೊಂದನ್ನು ಅಂಟಿಸಿದ. ಹಿಮ ಕಟ್ಟಿಕೊಂಡ ನಳಿಗೆ ಹಾರಿಸಿದಾಗ ಸೀಳಿಬಿಡುತ್ತದೆ, ಅದಕ್ಕೇ ನಾವೆಲ್ಲ ಹಾಗೆ ಮಾಡುವುದು. ಗುಂಡು ಅದನ್ನು ಹರಿದುಕೊಂಡೇ ಹೋಗುತ್ತದೆ. ಪೈನ್ ಮರಗಳ ಅಂಚಿನಲ್ಲಿ ಹೆಣ್ಣು ಎಲ್ಕ್ ಒಂದು ಹಿಮ ಕೆದರುತ್ತ ನಿಂತಿತ್ತು. ಆರ್ಡನ್ ಮಂಡಿಯೂರಿ ಕುಳಿತು ಗುರಿಯಿಟ್ಟ. ನಳಿಗೆಯ ಟೇಪು ಆಗಲೂ ಹಾಗೆಯೇ ಇದ್ದದ್ದನ್ನು ನಾನು ಕಣ್ಣಾರೆ ಕಂಡೆ.

ಅವನು ಹಾರಿಸಿದಾಗ ಬಂದ ಶಬ್ದ ಕೋವಿಯ ಶಬ್ದದಂತಿರಲಿಲ್ಲ. ಹೊಗೆ ಸರಿದಾಗ ಕೋವಿ ನಡುವೆ ಸೀಳಿತ್ತು, ಮರದ ಹಿಡಿ ಚೂರಾಗಿ ಹಿಮದ ಮೇಲೆ ಹರಡಿತ್ತು. ಆರ್ಡನ್‌ನ ಬಲಗಣ್ಣಿದ್ದ ಜಾಗದಲ್ಲಿ ಕಣ್ಣಿರಲಿಲ್ಲ. ಎಡಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು. ಅವನು ಕೈಯನ್ನು ಹಿಮದೊಳಗೆ ಹುಗಿದುಕೊಂಡು ಕುಳಿತ. ಎಲ್ಕ್ ತಲೆಯೆತ್ತಿ ನಮ್ಮನ್ನು ನೋಡಿ, ಅವಸರವಿಲ್ಲದೆ ಮರಗಳ ಒಳಗೆ ನಡೆಯಿತು. ವರ್ಲಿನ್ ಬೆಲ್ಟು ಬಿಚ್ಚಿ ಅಣ್ಣನ ತೋಳಿಗೆ ಬಿಗಿದ. ನಾವಿಬ್ಬರೂ ಅವನನ್ನು ಹೊತ್ತು ಬೆಟ್ಟ ಇಳಿಸಿದೆವು.

ಆಸ್ಪತ್ರೆಯಲ್ಲಿ ಬೇಟೆ ಇಲಾಖೆಯವರು ಕೇಳಿದಾಗ ಆರ್ಡನ್, ತಾನು ಜಾರಿ ಬಿದ್ದೆ, ನಳಿಗೆಗೆ ಹಿಮ ತುಂಬಿಕೊಂಡಿತು, ನೋಡಿಕೊಳ್ಳದೆ ಹಾರಿಸಿದೆ ಎಂದ. ಊರೆಲ್ಲ ಅದನ್ನೇ ನಂಬಿತು. ವರ್ಲಿನ್ ಉಳಿದ ತೋಟೆಗಳನ್ನು ಬಿಚ್ಚಿ ಮದ್ದು ತೂಗಿದ. ಎಲ್ಲವೂ ಸರಿಯಾಗಿದ್ದವು. ಟೇಪು ಇದ್ದ ನಳಿಗೆಗೆ ಹಿಮ ಹೋಗುವಂತಿರಲಿಲ್ಲ, ಹಾಗಾದರೆ ಸಿಡಿದ ಆ ಒಂದಕ್ಕೆ ಮಾತ್ರ ಎರಡು ಸಲ ಸುರಿದಿದ್ದ. ಯಾವಾಗ, ಹೇಗೆ ಎಂಬುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಬೇಕಿದ್ದರೆ ಅವನೂ ಹಿಮವನ್ನೇ ನಂಬಬಹುದಿತ್ತು.

ಆರ್ಡನ್ ಮನೆಗೆ ಬಂದ ವಾರ ವರ್ಲಿನ್ ಅಲ್ಲಿಗೆ ಹೋದ. ಒಬ್ಬನೇ ಹೋಗಲಾರೆನೆಂದು ನನ್ನನ್ನೂ ಕರೆದ.

“ಹಿಮ ಅಲ್ಲ ಆರ್ಡನ್. ಟೇಪು ನಾನೇ ಅಂಟಿಸಿದ್ದೆ.”

“ಬಿದ್ದೋಯ್ತು ಅದು.”

“ಬಿದ್ದಿರ್ಲಿಲ್ಲ.”

“ಹಿಮ ಅಂತ ಹೇಳಿದೀನಲ್ಲ, ಹಿಮಾನೇ. ಕಣ್ಣು ಹೋಗಿರೋದು ನಂದು. ಏನಾಯ್ತು ಅಂತ ಹೇಳೋನೂ ನಾನೇ. ಮನೆಗೆ ಹೋಗು.”

ಬಾಗಿಲವರೆಗೆ ಬಂದ ಕೊರಿನ್ ತಣ್ಣಗೆ ಹೇಳಿದಳು: “ಮಾಡಿಕೊಡು ಅಂತ ಕೇಳಿದ್ದು ನಾನು, ಅದನ್ನ ಮರೆತಿಲ್ಲ. ಆದ್ರೆ ಅರ್ಧ ಮುಖ ಇಟ್ಕೊಂಡು ಅವನು ನಿನಗೋಸ್ಕರ ಸುಳ್ಳು ಹೇಳೋದನ್ನ ದಿನಾ ಕೇಳೋಕೆ ನನ್ ಕೈಲಾಗಲ್ಲ. ಸ್ವಲ್ಪ ಕಾಲ ಈ ಕಡೆ ಬರಬೇಡ ವರ್ಲಿನ್.”

ಮರುದಿನವೇ ಅವನು ಇಲಾಖೆಯ ಕಚೇರಿಗೆ ಹೋಗಿ ಮದ್ದಿನ ವಿಷಯ ಹೇಳಿ ಸಹಿ ಹಾಕಿದ. ಆಕಸ್ಮಿಕವೆಂದು ಬರೆದುಕೊಂಡು ಕಳಿಸಿದರು. ಉಳಿದಿದ್ದ ಮದ್ದನ್ನೆಲ್ಲ ಹುಲ್ಲುಗಾವಲಿಗೆ ಒಯ್ದು, ತೆಳುವಾಗಿ ಗೆರೆ ಎಳೆದು ಸುಟ್ಟ. ಉಸ್ಸೆಂದು ಉರಿದು ಹಿಮದ ಮೇಲೆ ಹಳದಿ ಕಲೆ ಉಳಿಯಿತು.

ಸುದ್ದಿ ಕೇಳಿ ಆರ್ಡನ್‌ಗೆ ಬಂದದ್ದು ಸಿಟ್ಟು. ಪೋಸ್ಟಾಫೀಸಿನ ಮುಂದೆ ತಮ್ಮನನ್ನು ತಡೆದು, ನಾಲ್ಕು ಜನರ ಎದುರಿಗೇ ಅಂದ: “ನಿಂಗೆ ಕೊಡೋಕೆ ನನ್ನ ಹತ್ರ ಉಳಿದಿದ್ದು ಅದೊಂದು ಸುಳ್ಳು. ಅದನ್ನೂ ಬೀದಿಗೆ ಎಸೆದ್ಯಲ್ಲೋ.” ಆ ಚಳಿಗಾಲವೆಲ್ಲ ಅಣ್ಣತಮ್ಮಂದಿರು ಮಾತಾಡಲಿಲ್ಲ. ಆಮೇಲೆ ಆಡಿದ್ದೂ ಹವೆಯ ಬಗ್ಗೆ, ದನದ ಬಗ್ಗೆ. ಎರಡು ವರ್ಷದ ಮೇಲೆ ಆರ್ಡನ್ ನಿದ್ದೆಯಲ್ಲೇ ತೀರಿಕೊಂಡ. ತಮ್ಮನಿಗೆ ಅವನು ಕೊನೆಯದಾಗಿ ಹೇಳಿದ್ದು, ಒಲೆಯ ಹೊಗೆ ಹೋಗುವ ಚಿಮಣಿ ಮಸಿ ಕಟ್ಟಿಕೊಂಡಿದೆ, ಬಂದು ನೋಡು ಎಂದು.

ಈಗ ಪ್ರತಿ ಶರತ್ಕಾಲದಲ್ಲೂ ವರ್ಲಿನ್ ಹೋಗಿ ಆ ಚಿಮಣಿ ಉಜ್ಜುತ್ತಾನೆ. ಕೊರಿನ್ ಕೆಳಗೆ ಏಣಿ ಹಿಡಿದಿರುತ್ತಾಳೆ. ಇಳಿದ ಮೇಲೆ ಮಸಿ ತೊಳೆದುಕೊಳ್ಳಲು ಬಿಸಿನೀರು ಕೊಡುತ್ತಾಳೆ. ಒಳಗೆ ಕರೆಯುವುದಿಲ್ಲ, ಅವನೂ ಕಾಯುವುದಿಲ್ಲ.