ಹೊಳಲಿಗೆ ಹೊರಟ ಅಜ್ಜಿ

ಎಲ್ಲಾದರೂ ಹರಳೆಣ್ಣೆ ಕಾಯುವ ವಾಸನೆ ಬಂದರೆ ಸಾಕು, ಕೆರಗೋಡಿನ ನಮ್ಮ ಹಳೆಯ ಮನೆ ಹಿತ್ತಲ ಸಮೇತ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಹರಳು ಹುರಿದು, ಕುಟ್ಟಿ, ದೊಡ್ಡ ಮಡಕೆಯಲ್ಲಿ ಕುದಿಸಿ ಎಣ್ಣೆ ತೆಗೆಯುತ್ತಿದ್ದವಳು ಅಪ್ಪನ ತಾಯಿ ನಿಂಗಜ್ಜಿ. ಆ ಮನೆಯಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ನನ್ನ ಅವ್ವ ಅತ್ತೆಯ ಎದುರು ಕೂತು ಮಾತಾಡಿದ್ದನ್ನೇ ನಾನು ಕಂಡಿರಲಿಲ್ಲ. ಸಾರಿಗೆ ಉಪ್ಪು ಒಂದಿಷ್ಟು ಮುಂದಾದರೆ, "ನಿಮ್ಮಪ್ಪನ ಮನೇಲಿ ಉಪ್ಪಿನ ಬಾವಿ ಐತೇನಮ್ಮಿ?" ಎಂದು ಕೇಳುವವಳು ಅಜ್ಜಿ. ಮಕ್ಕಳಾದ ನಮಗೆ ಮಾತ್ರ ಅವಳ ಸೆರಗಿನ ಗಂಟಿನಲ್ಲಿ ಸದಾ ಹುರಿಗಡಲೆ ಇರುತ್ತಿತ್ತು.

ಯುದ್ಧ ನಡೆಯುತ್ತಿದ್ದ ಕಾಲ. ನಾಲೆಯ ನೀರು ಬಂದು ರಾಗಿ ಹೊಲಗಳೆಲ್ಲ ಗದ್ದೆಯೂ ಕಬ್ಬೂ ಆಗಿದ್ದವು. ಒಂದು ಮಧ್ಯಾಹ್ನ ಹೊಲಕ್ಕೆ ಹೋದ ಅಜ್ಜಿ ಮನೆಯ ದಾರಿ ತಿಳಿಯದೆ ಕಬ್ಬಿನ ನಡುವೆ ಅಳುತ್ತ ನಿಂತಿದ್ದಳು. "ದಾರೀನೇ ಬದ್ಲಾಗೋಗೈತೆ, ಮುದುಕಿ ಏನ್ ಮಾಡಾಳು" ಎಂದು ಅಪ್ಪ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಬರಬರುತ್ತ ಅವಳು ಮನೆಯೊಳಗೇ ಅಡುಗೆಮನೆ ಹುಡುಕತೊಡಗಿದಳು. ಉಂಡ ಕೈ ಒಣಗುವ ಮೊದಲೇ, "ನಂಗೆ ಇಟ್ಟಾಕಲ್ವಾ?" ಎನ್ನುತ್ತಿದ್ದಳು. ಅರುಳು ಮರುಳು ಅಂದಿತು ಊರು. ಅದೊಂದು ಕಾಯಿಲೆ, ಒಳಗೆ ಮೆದುಳೇ ಸವೆಯುತ್ತಿದೆ ಎಂದು ಹೇಳುವವರು ಆಗ ನಮ್ಮಲ್ಲಿ ಯಾರಿದ್ದರು? ಒಂದು ಬೆಳಿಗ್ಗೆ ತನ್ನ ತಲೆ ಬಾಚುತ್ತಿದ್ದ ಸೊಸೆಯ ಕೈ ಹಿಡಿದುಕೊಂಡು, "ಅವ್ವಾ, ನನ್ನ ಒಳಲ್ಗೆ ಕರ್ಕೊಂಡೋಗವ್ವಾ" ಎಂದಳು. ಹೊಳಲು ಅವಳ ತವರು.

ದೊಡ್ಡಪ್ಪನಿಗೆ ಇದು ಗಾಳಿಯ ಕಾಟವೆಂದು ಖಚಿತವಾಯಿತು. "ಮಳವಳ್ಳಿ ಕಡೆ ಬುಡಿಸೋನೊಬ್ಬ ಅವ್ನೆ. ಬೇವಿನ ಬರಲಲ್ಲಿ ನಾಕು ಬಿಗುದ್ರೆ ತಾನೇ ಬುಟ್ಟೋಯ್ತದೆ" ಎಂದು ಗಾಡಿ ಕಟ್ಟಿಸಿದ. ಅಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಈ ಮುದ್ಕಿ ಮ್ಯಾಲೆ ಯಾರ್ ಕೈ ಮಾಡಿದ್ರೂ ನಾನ್ ಸುಮ್ಕಿರಾಕಿಲ್ಲ ಬಾವ. ಗಾಡಿ ಕಟ್ಟಿದ್ದಾಯ್ತಲ್ಲ, ಒಳಲ್ಗೇ ಒಡೀರಿ. ಅದು ಕೇಳ್ತಿರೋದು ಅಷ್ಟೇಯ." ಅಪ್ಪ ಅಜ್ಜಿಯನ್ನು ಎತ್ತಿ ಗಾಡಿಯಲ್ಲಿ ಕೂರಿಸಿ, ಅವ್ವನನ್ನೂ ನನ್ನನ್ನೂ ಹತ್ತಿಸಿಕೊಂಡು ಹೊಳಲಿನ ದಾರಿ ಹಿಡಿದ. ಅಲ್ಲಿ ಅಜ್ಜಿಯ ಒಬ್ಬನೇ ತಮ್ಮ, ಹಲ್ಲುದುರಿದ ಮುದುಕ, "ಅಕ್ಕಾ" ಎನ್ನುತ್ತ ಓಡಿಬಂದ. ಅಜ್ಜಿ ಅವನನ್ನು ಮೇಲಿಂದ ಕೆಳಗೆ ನೋಡಿ, "ನೀವ್ಯಾರಪ್ಪ? ನನ್ ತಮ್ಮ ಎಲ್ಲಿ?" ಎಂದಳು. ತಾತ ಒಂದು ಗಳಿಗೆ ಅವ್ವನ ಮುಖ ನೋಡಿದ. ಆಮೇಲೆ ಮೆಲ್ಲಗೆ, "ಎಮ್ಮೆ ಮೇಯ್ಸಾಕ್ ಓಗವ್ನೆ ಕಣಕ್ಕ, ಬತ್ತಾನೆ, ಕುಂತ್ಕೊ" ಎಂದ. ಜಗಲಿಯ ಮೇಲೆ ಇಬ್ಬರೂ ಅಕ್ಕಪಕ್ಕ ಕೂತು ದಾರಿ ಕಾದರು. ಊಟಕ್ಕಿಟ್ಟಾಗ ಅಜ್ಜಿ ಮುದ್ದೆಯನ್ನು ಮುರಿದು ಅರ್ಧ ಎತ್ತಿಟ್ಟಳು. ಹೊರಡುವಾಗ ಅದನ್ನು ತಾತನ ಅಂಗೈಯಲ್ಲಿಟ್ಟು, "ಮಗ ಅಸ್ಕೊಂಡ್ ಬತ್ತದೆ, ಕೊಡಪ್ಪ" ಎಂದಳು. ಗಾಡಿ ತಿರುಗಿದ ಮೇಲೆ ನಾನು ಹಿಂದೆ ನೋಡಿದೆ. ತಾತ ಬಾಗಿಲಲ್ಲೇ ನಿಂತು, ಕಣ್ಣೊರೆಸಿಕೊಳ್ಳುತ್ತ, ಆ ಮುದ್ದೆಯನ್ನು ತಿನ್ನುತ್ತಿದ್ದ.

ಮರುದಿನ ಬೆಳಿಗ್ಗೆ ಅಜ್ಜಿ ಮತ್ತೆ ಹೊಳಲಿಗೆ ಹೊರಟಳು! ಅವ್ವ ನಕ್ಕು, ಸೆರಗು ಹೊದ್ದು, ಅವಳ ಕೈ ಹಿಡಿದು ಬೀದಿ ಸುತ್ತಿಸಿ ನಮ್ಮ ಬಾಗಿಲಿಗೇ ತಂದು, "ಬಂತು ನೋಡು ಒಳಲು" ಎಂದಳು. ಅಜ್ಜಿ ಸಂತೋಷದಿಂದ ಒಳಗೆ ಬಂದಳು. ಆಮೇಲೆ ದಿನವೂ ಇದೇ ನಡೆಯಿತು. ಬೇಸಗೆ ತಿರುಗುವ ಹೊತ್ತಿಗೆ, ಅವ್ವನ ತೊಡೆಯ ಮೇಲೆ ತಲೆಯಿಟ್ಟು ಅಜ್ಜಿ ತೀರಿಕೊಂಡಳು. ಅವ್ವನ ಅಳು ಕಂಡ ಹೆಂಗಸರು, "ಅಂಥಾ ಗಯ್ಯಾಳಿ ಅತ್ತೆಗೆ ಇಷ್ಟು ಅಳ್ತಾರೇನಮ್ಮಿ?" ಎಂದರು. "ನಮ್ಮತ್ತೆ ಓಗಿ ಬಾಳ್ ದಿನಾಯ್ತು ಬುಡಿ" ಎಂದಳು ಅವ್ವ. "ಈಗ ಓಗಿದ್ದು ನನ್ ಕೂಸು." ಆಮೇಲೂ ಎಷ್ಟೋ ದಿನ ಬೆಳಿಗ್ಗೆ ಆ ಹೊತ್ತಿಗೆ ಅವ್ವ ಬೀದಿ ಬಾಗಿಲಿಗೆ ಬಂದು, ಒಂದಿಷ್ಟು ಹೊತ್ತು ನಿಂತು, ಒಬ್ಬಳೇ ಒಳಗೆ ಹೋಗುತ್ತಿದ್ದಳು.