ಕುರ್ಚಿ ಜೋಡಿಸುವ ಬ್ಯಾಂಡ್ ನಾಯಕ

ಜರ್ಮನಿಯ ಕಾಸೆಲ್ ಊರಿನ ಉದ್ಯಾನದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಭಾನುವಾರದ ಬಿಯರ್ ಕೂಟಕ್ಕೆ ಇನ್ನೂ ಹೊತ್ತಿದೆ. ಎಕಾರ್ಟ್ ವೀಸ್ನರ್ ವ್ಯಾನಿನಿಂದ ಕುರ್ಚಿಗಳನ್ನು ಇಳಿಸಿ ವೇದಿಕೆಯ ಮೇಲೆ ಜೋಡಿಸುತ್ತಿದ್ದಾರೆ. ವಯಸ್ಸು ಎಪ್ಪತ್ತು ದಾಟಿದೆ. ಬ್ಯಾಂಡಿಗೆ ಹೊಸದಾಗಿ ಸೇರಿದವರು ಅವರನ್ನು ಬಾಡಿಗೆ ವ್ಯಾನಿನ ಚಾಲಕ ಎಂದುಕೊಳ್ಳುತ್ತಾರೆ. ಅವರೂ ತಿದ್ದಲು ಹೋಗುವುದಿಲ್ಲ.

ಆ ಬ್ಯಾಂಡ್ ಕಟ್ಟಿದವರೇ ಅವರು. ಟ್ರಾಮ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದಾಗ ಸಂಜೆ ಹೊತ್ತು ಟ್ರಂಬೋನ್ ಊದಲು ಕಲಿತರು, ಹದಿನೇಳು ಮಂದಿಯನ್ನು ಒಟ್ಟುಗೂಡಿಸಿದರು, ಮೂವತ್ತು ವರ್ಷ ಎದುರಿಗೆ ನಿಂತು ಕೈಬೀಸಿ ತಾಳ ತೋರಿಸಿದರು. ತಾಳ ತಪ್ಪಿದವರನ್ನು ಎಲ್ಲರೆದುರೇ ಝಾಡಿಸುವ ಮನುಷ್ಯ ಎಂದು ಹೆಸರಾಗಿತ್ತು.

ನಾಲ್ಕು ವರ್ಷದ ಹಿಂದೆ ಡ್ರಮ್ ಬಾರಿಸುವ ಉಲ್ರಿಕೆ ಜ್ವರ ಬಂದು ಮಲಗಿದರು. ಬದಲಿಗೆ ಬಂದವರು ಅಂಚೆ ಹಂಚುವ ಟೋರ್ಬೆನ್. ಆ ಭಾನುವಾರದ ಕೂಟದಲ್ಲಿ ಎರಡನೇ ಹಾಡಿಗೇ ಬ್ಯಾಂಡ್ ದಿಕ್ಕಾಪಾಲಾಯಿತು, ಜನ ನಕ್ಕರು. ಎಕಾರ್ಟ್ ಹಾಡು ನಿಲ್ಲಿಸಿ, ಕಿವಿ ಕೇಳಿಸುವುದಿಲ್ಲವೇ ಎಂದು ಟೋರ್ಬೆನ್ ಮೇಲೆ ಎಗರಾಡಿದರು. ಆಗ ಸ್ಯಾಕ್ಸೊಫೋನ್ ನುಡಿಸುವ ಹಳೆಯ ಗೆಳೆಯ ಗೆರೋಲ್ಡ್ ಎದ್ದು ಹತ್ತಿರ ಬಂದರು.

"ಕೇಳಿಸದೇ ಇರೋದು ಅವನಿಗಲ್ಲ ಎಕಾರ್ಟ್, ನಿನಗೆ. ಎರಡು ವರ್ಷದಿಂದ ನಾವ್ಯಾರೂ ನಿನ್ನ ಕೈ ನೋಡ್ತಿಲ್ಲ. ಉಲ್ರಿಕೆ ತಲೆ ಆಡಿಸೋದನ್ನ ನೋಡ್ಕೊಂಡು ನುಡಿಸ್ತಿದ್ದೀವಿ."

ಅದನ್ನು ಹೇಳುವಾಗ ಎಕಾರ್ಟ್ ಇಂದಿಗೂ ಮುಖ ಆಚೆ ತಿರುಗಿಸುತ್ತಾರೆ. "ನನ್ನನ್ನ ಬೈದಿದ್ರೆ ತಡ್ಕೊತಿದ್ದೆ. ಪಾಪ ಅಂತ ಸುಮ್ನಿದ್ರಲ್ಲ, ಅದಕ್ಕೆ ನಾಚಿಕೆ ಆಯ್ತು. ಒಬ್ಬರದ್ದೂ ಒಂದು ತಪ್ಪನ್ನ ನಾನು ಬಿಟ್ಟವನಲ್ಲ."

ಮರುದಿನ ಕ್ಷಮೆ ಕೇಳಲು ಟೋರ್ಬೆನ್ ಮನೆಗೆ ಹೋದರು. ಬಾಗಿಲಲ್ಲೇ ನಿಂತಿದ್ದವರನ್ನು ಟೋರ್ಬೆನ್ ಒಳಗೆ ಕರೆದು ಕಾಫಿ ಕೊಟ್ಟರು. ಬಿಡಿ, ಅಂಚೆ ಕೊಡೋಕೆ ಹೋದ್ರೆ ನಾಯಿಗಳು ಇದಕ್ಕಿಂತ ಜೋರಾಗಿ ಬೊಗಳ್ತವೆ ಎಂದು ನಗಾಡಿದರು. ಎಕಾರ್ಟ್ ಮಾತ್ರ ನಗಲಿಲ್ಲ. ಆ ವಾರವೇ ಬ್ಯಾಂಡನ್ನು ಉಲ್ರಿಕೆಗೆ ಒಪ್ಪಿಸಿ, ವ್ಯಾನಿನ ಕೀಲಿ ತಾವು ಇಟ್ಟುಕೊಂಡರು.

ಈಗ ವಾದ್ಯಗಾರರು ಒಬ್ಬೊಬ್ಬರೇ ಬಂದು ಕೂರುತ್ತಿದ್ದಾರೆ. ಮುಂದಿನ ಬೆಂಚಿನಲ್ಲಿ ಕೂರಿ ಯಜಮಾನ್ರೇ ಎಂದು ಉಲ್ರಿಕೆ ಇಂದೂ ಕರೆಯುತ್ತಾರೆ. ಎಕಾರ್ಟ್ ಬೇಡವೆಂದು ತಲೆಯಲ್ಲಾಡಿಸಿ ಮರಗಳ ಹಿಂದೆ ನಡೆಯುತ್ತಾರೆ. ಅಲ್ಲಿ ಅವರ ಮಂದ ಕಿವಿಗೆ ಸಂಗೀತ ಬರೀ ಗುಂಯ್‌ಗುಡುವ ಸದ್ದು.

"ಒಂದಿನ ಅಲ್ಲಿ ಕೂರ್ತೀನಿ," ಎನ್ನುತ್ತಾರೆ ಮೆಲ್ಲಗೆ. "ಅವರ ಮುಖ ನೋಡೋ ಧೈರ್ಯ ಬಂದ ಮೇಲೆ."